ಮೂವತ್ತು ವರ್ಷದ ಮನೆಯ ಮೇಲೆ ಮಹಡಿ ಕಟ್ಟುವ ಮುನ್ನ

ಪ್ರಶ್ನೆ: ಮೈಸೂರಿನಲ್ಲಿ 30×40 ನಿವೇಶನದಲ್ಲಿ 1994ರಲ್ಲಿ ಕಟ್ಟಿಸಿದ, ನೆಲ ಅಂತಸ್ತು ಮಾತ್ರ ಇರುವ ಮನೆ ನಮ್ಮದು. ಸೈಜುಗಲ್ಲಿನ ಪಾಯ, 9 ಅಂಗುಲದ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಮೋಲ್ಡ್ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್ ಚಾವಣಿ) ಇದೆ, ಪಿಲ್ಲರ್‌ಗಳಿಲ್ಲ. ಬಚ್ಚಲುಮನೆ ಮತ್ತು ಅಡುಗೆಮನೆಯ ಚಾವಣಿಯಿಂದ ಸಿಮೆಂಟ್ ಚಕ್ಕೆಗಳು ಉದುರಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿವೆ. ಹಜಾರದ ಪಶ್ಚಿಮದ ಗೋಡೆಯಲ್ಲಿ ಮೋಲ್ಡಿನ ಕೆಳಗೇ ಅಡ್ಡಲಾಗಿ ಒಂದು ಬಿರುಕು, ಕಿಟಕಿಯ ಮೂಲೆಯಿಂದ ಓರೆಯಾಗಿ ಇನ್ನೊಂದು ಬಿರುಕು ಬಿಟ್ಟಿದೆ. ಮಗನ ಮದುವೆಗೆ ಮೊದಲು ಮೇಲೆ ಎರಡು ಕೋಣೆ ಕಟ್ಟಿಸಿ, ಕೆಳಗೆ ಹಜಾರಕ್ಕೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆಸಬೇಕೆಂದಿದ್ದೇವೆ. ‘9 ಇಂಚಿನ ಗೋಡೆ ಎರಡು ಅಂತಸ್ತು ತಡೆಯುತ್ತದೆ, ಗೋಡೆ ತೆಗೆದ ಕಡೆ ಒಂದು ಬೀಮ್ ಕೊಟ್ಟರಾಯಿತು, ಕಂಬಿಯ ಮೇಲೆ ಪ್ಲಾಸ್ಟರ್ ಮಾಡಿದರೆ ಸಾಕು’ ಎಂದು ಮೇಸ್ತ್ರಿಯವರು ಹೇಳುತ್ತಾರೆ. ಅವರ ಮಾತನ್ನು ನಂಬಬಹುದೇ? ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದೇ?

ಉತ್ತರ: ನೀವು ಹಲವು ತೊಂದರೆಗಳನ್ನು ಬೇರೆ ಬೇರೆಯಾಗಿ ಬರೆದಿದ್ದೀರಿ. ಆದರೆ ಅವುಗಳನ್ನು ಬಿಡಿಬಿಡಿಯಾಗಿ ನೋಡುವಂತಿಲ್ಲ. ಈಗ ತುಕ್ಕು ಹಿಡಿದಿರುವ ಮೋಲ್ಡೇ ನಾಳೆ ಮೇಲಿನ ಕೋಣೆಗಳ ನೆಲವಾಗುತ್ತದೆ, ನೀವು ತೆಗೆಸಬೇಕೆಂದಿರುವ ಗೋಡೆಯೇ ಆ ಮೋಲ್ಡನ್ನು ನಡುವೆ ಹೊತ್ತು ನಿಂತಿದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲು ಮೋಲ್ಡಿನ ದುರಸ್ತಿ, ಆಮೇಲೆ ಪಾಯದ ಪರೀಕ್ಷೆ, ಅವೆರಡೂ ತೃಪ್ತಿಕರವಾಗಿದ್ದರೆ ಮಾತ್ರ ಮೇಲಿನ ಕೋಣೆಗಳು. ನಡುಗೋಡೆಯನ್ನು ಪೂರ್ತಿ ತೆಗೆಸುವ ಯೋಚನೆಯನ್ನು ಕೈಬಿಡಿ.

ಚಾವಣಿಯಿಂದ ಉದುರುತ್ತಿರುವುದು ಪ್ಲಾಸ್ಟರ್ ಮಾತ್ರ ಎಂದು ಬಹಳ ಮನೆಗಳಲ್ಲಿ ತಿಳಿದುಕೊಳ್ಳುತ್ತಾರೆ. ವಾಸ್ತವದಲ್ಲಿ ಕಂಬಿಯ ಕೆಳಗಿನ ಕಾಂಕ್ರೀಟೇ ಚಕ್ಕೆಯೆದ್ದು ಬೀಳುತ್ತಿರುತ್ತದೆ. ಒಳ್ಳೆಯ ಕಾಂಕ್ರೀಟು ಕ್ಷಾರೀಯವಾಗಿದ್ದು ಅದರೊಳಗೆ ಹುದುಗಿರುವ ಕಬ್ಬಿಣಕ್ಕೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಇಳಿಯುತ್ತಾ ಈ ಕ್ಷಾರಗುಣವನ್ನು ಕಳೆಯುತ್ತದೆ. ಆ ಪದರ ಕಂಬಿಯನ್ನು ಮುಟ್ಟಿದ ಮೇಲೆ ತೇವ ಸಿಕ್ಕರೆ ಸಾಕು, ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಸೀಳುತ್ತದೆ. ಬಚ್ಚಲುಮನೆಯಲ್ಲೂ ಅಡುಗೆಮನೆಯಲ್ಲೂ ಇದು ಮೊದಲು ಕಾಣಿಸಿಕೊಳ್ಳುವುದು ದಿನವೂ ಅಲ್ಲಿ ಹಬೆ ತಾಗುವುದರಿಂದ, ಮತ್ತು ಅನೇಕ ಮನೆಗಳಲ್ಲಿ ಅದರ ಮೇಲೆಯೇ ನೀರಿನ ಟ್ಯಾಂಕ್ ಕೂತಿರುವುದರಿಂದ.

ನಿಮ್ಮ ಮನೆಯ ವಯಸ್ಸೂ ಇಲ್ಲಿ ಮುಖ್ಯ. 1994ರಲ್ಲಿ ಜಾರಿಯಲ್ಲಿದ್ದುದು ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ 1978ರ ಆವೃತ್ತಿ. ಅದು ಎಂ15 ದರ್ಜೆಯ ಕಾಂಕ್ರೀಟನ್ನೂ (ಸಂಖ್ಯೆ ಹೆಚ್ಚಿದಷ್ಟು ಬಲ ಹೆಚ್ಚು) ಮೋಲ್ಡಿನ ಕಂಬಿಗೆ 15 ಮಿಲಿಮೀಟರ್ ಹೊದಿಕೆಯನ್ನೂ, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪವನ್ನೂ, ಒಪ್ಪುತ್ತಿತ್ತು. 2000ದ ಪರಿಷ್ಕರಣೆಯ ನಂತರ ಆರ್‌ಸಿಸಿಗೆ ಕನಿಷ್ಠ ದರ್ಜೆ ಎಂ20 ಆಯಿತು, ಹೊದಿಕೆಯ ಅಳತೆಯೂ ಸಾಮಾನ್ಯವಾಗಿ 20 ಮಿಮೀ ಅಥವಾ ಅದಕ್ಕಿಂತ ಹೆಚ್ಚಾಯಿತು. ಅಂದಿನ ಸಂಹಿತೆ ಹೇಳಿದ್ದ 15 ಮಿಮೀ ಕೂಡ ಎಷ್ಟೋ ಮನೆಗಳಲ್ಲಿ ಸಿಕ್ಕಿಲ್ಲ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡುವ ಬದಲು ಜಲ್ಲಿಯ ಚೂರನ್ನು ಕಂಬಿಯಡಿಗೆ ಸಿಕ್ಕಿಸಿ, ಕಾಂಕ್ರೀಟ್ ಸುರಿಯುವಾಗ ಅದು ಜಾರಿ, ಕಂಬಿ ಸೆಂಟ್ರಿಂಗ್ ಹಲಗೆಯ ಮೇಲೆಯೇ ಮಲಗಿರುವುದನ್ನು ಹಳೆಯ ಚಾವಣಿಗಳನ್ನು ಬಿಚ್ಚಿದಾಗ ಮತ್ತೆ ಮತ್ತೆ ಕಾಣುತ್ತೇವೆ. ಅಂಥ ಕಡೆ ಕಂಬಿಯನ್ನು ಕಾಯುತ್ತಿದ್ದುದು ಅರ್ಧ ಅಂಗುಲದ ಪ್ಲಾಸ್ಟರ್ ಒಂದೇ.

ಹೀಗಿರುವಾಗ ತುಕ್ಕಿನ ಮೇಲೆ ಮತ್ತೆ ಪ್ಲಾಸ್ಟರ್ ಬಳಿದರೆ ಒಳಗಿನ ಕಾಯಿಲೆ ಮುಚ್ಚಿಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಇನ್ನೂ ದೊಡ್ಡ ಚಕ್ಕೆ ಬೀಳುತ್ತದೆ, ಅಷ್ಟರಲ್ಲಿ ಕಂಬಿ ಇನ್ನಷ್ಟು ಸವೆದಿರುತ್ತದೆ. ಸರಿಯಾದ ಕ್ರಮ ನೀರನ್ನು ತಡೆಯುವುದರಿಂದ ಆರಂಭವಾಗಬೇಕು. ತಾರಸಿಯ ಮೇಲೆ ಹೋಗಿ ಮಳೆನೀರು ಎಲ್ಲಿ ನಿಲ್ಲುತ್ತದೆ, ಕೊಳವೆಯ ಬಾಯಿ ಕಟ್ಟಿದೆಯೇ, ಪ್ಯಾರಪೆಟ್ ಗೋಡೆ ಮೋಲ್ಡಿಗೆ ಸೇರುವ ಸಂದು ಬಿಟ್ಟಿದೆಯೇ, ಟ್ಯಾಂಕಿನ ಪೈಪು ಒಸರುತ್ತಿದೆಯೇ ಎಂದು ನೋಡಿ. ನೀರು ಹರಿದುಹೋಗಲು ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಬೇಕು. ಸೋರಿಕೆಯ ಜಾಗ ಕಂಡುಹಿಡಿಯಲು ತಾರಸಿಯ ಮೇಲೆ ಎರಡು ಅಂಗುಲ ನೀರು ಕಟ್ಟಿ ಒಂದೆರಡು ದಿನ ಬಿಡುವ ರೂಢಿಯಿದೆ. ಅದರಿಂದ ಚದರ ಮೀಟರಿಗೆ ಸುಮಾರು 50 ಕೆಜಿ ಭಾರ ಹೆಚ್ಚುತ್ತದೆ. ಕಂಬಿ ಸವೆದಿರುವ ನಿಮ್ಮ ಮೋಲ್ಡಿನಲ್ಲಿ ಕೆಳಗಿನಿಂದ ಜಾಕಿಗಳ (ತಾತ್ಕಾಲಿಕ ಊರುಗಂಬಗಳ) ಆಸರೆ ಕೊಡುವವರೆಗೆ ಆ ಪರೀಕ್ಷೆ ಬೇಡ. ಟ್ಯಾಂಕ್ ಆ ಭಾಗದ ಮೇಲೇ ಇದ್ದರೆ ಮೊದಲು ಅದನ್ನು ಖಾಲಿ ಮಾಡಿ ಸರಿಸಿ. ಸಾವಿರ ಲೀಟರಿನ ಟ್ಯಾಂಕ್ ತುಂಬಿದಾಗ ಒಂದು ಟನ್ ತೂಗುತ್ತದೆ.

ಅನಂತರ ಚಾವಣಿಯ ಪ್ರತಿ ಅಡಿಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಶಬ್ದ ಬರುವ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಟೊಳ್ಳಾದ ಭಾಗ ಕಣ್ಣಿಗೆ ಕಾಣುವ ಜಾಗಕ್ಕಿಂತ ಬಹಳ ಹರಡಿರುವುದು ಸಾಮಾನ್ಯ. ಆಸರೆ ಕೊಟ್ಟ ಮೇಲೆ ಆ ಕಾಂಕ್ರೀಟನ್ನು ಒಡೆದು, ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು, ಅಂದರೆ ಸುಮಾರು 20 ಮಿಮೀ ಸಂದು ಬರುವಂತೆ ಬಿಡಿಸಬೇಕು. ಮುಂದೆ ಮಾತ್ರ ಕೆರೆದು ಬಿಟ್ಟರೆ ಹಿಂದಿನ ತುಕ್ಕು ಉಳಿದು ಹೊಸ ತೇಪೆಯನ್ನು ತಳ್ಳುತ್ತದೆ. ತಂತಿ ಬ್ರಷ್ಷಿನಿಂದ ಕಂಬಿ ಹೊಳೆಯುವವರೆಗೆ ಉಜ್ಜಿ, ಆಮೇಲೆ ಅದರ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಬೇಕು. ಇಲ್ಲಿ ಕಣ್ಣಳತೆ ಮೋಸ ಮಾಡುತ್ತದೆ: 8 ಮಿಮೀ ಕಂಬಿ 7 ಮಿಮೀಗೆ ಇಳಿದರೆ ನೋಡಲು ಏನೂ ಆಗಿಲ್ಲವೆನಿಸಿದರೂ ಅದರ ಅಡ್ಡಕೊಯ್ತದಲ್ಲಿ ಶೇ 23ರಷ್ಟು ಕಡಿಮೆಯಾಗಿರುತ್ತದೆ, 6 ಮಿಮೀಗೆ ಇಳಿದಿದ್ದರೆ ಶೇ 44ರಷ್ಟು. ಕಾಲು ಭಾಗದ ಹತ್ತಿರ ಸವೆದಿರುವ ಕಡೆಯಲ್ಲೆಲ್ಲ ಪಕ್ಕದಲ್ಲಿ ಹೊಸ ಕಂಬಿ ಸೇರಿಸಿ, ಗಟ್ಟಿಯಿರುವ ಭಾಗದವರೆಗೆ ಸಾಕಷ್ಟು ಉದ್ದ ಒಯ್ದು ಕಟ್ಟಬೇಕು. ಅದಾದ ಮೇಲೆ ಸತು ಬೆರೆತ ಪ್ರೈಮರ್, ಹಳೆಯದನ್ನೂ ಹೊಸದನ್ನೂ ಬೆಸೆಯುವ ಪದರ, ಪಾಲಿಮರ್ ಬೆರೆಸಿದ ದುರಸ್ತಿ ಗಾರೆಯನ್ನು ತೆಳು ಪದರಗಳಲ್ಲಿ ತುಂಬುವುದು, ಕೊನೆಗೆ ತಯಾರಕರು ಹೇಳಿದಷ್ಟು ದಿನ ತೇವ ಆರದಂತೆ ನೋಡಿಕೊಳ್ಳುವುದು.

ಒಂದು ವಿಷಯದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕೆಂದು ಕೇಳಿಕೊಳ್ಳುತ್ತೇನೆ. ತುಕ್ಕು ಬೇಗ ಬಿಡಲೆಂದು ಬಚ್ಚಲು ತೊಳೆಯುವ ಆಸಿಡ್ಡನ್ನು ಕಂಬಿಗೆ ಬಳಿಯುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಕ್ಲೋರೈಡ್ ಕಾಂಕ್ರೀಟಿನೊಳಗೆ ಉಳಿದು ತುಕ್ಕನ್ನು ಮೊದಲಿಗಿಂತ ವೇಗವಾಗಿ ಬೆಳೆಸುತ್ತದೆ. ಉಪ್ಪಿನಂಶವಿರುವ ಬೋರ್‌ವೆಲ್ ನೀರಿನಲ್ಲಿ ಗಾರೆ ಕಲಸಿದರೂ ಇದೇ ಆಗುತ್ತದೆ. ಈ ಕೆಲಸಕ್ಕೆ ಕುಡಿಯುವ ನೀರನ್ನೇ ಬಳಸಿ.

ಉಳಿದ ಮೋಲ್ಡಿನ ಸ್ಥಿತಿ ತಿಳಿಯಲು ಎರಡು ಮೂರು ಪರೀಕ್ಷೆಗಳು ಸಾಕು, ಸಿವಿಲ್ ವಿಭಾಗವಿರುವ ಅನೇಕ ಎಂಜಿನಿಯರಿಂಗ್ ಕಾಲೇಜುಗಳು ಇವುಗಳನ್ನು ಮಾಡಿಕೊಡುತ್ತವೆ. ಆಗತಾನೆ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರಗುಣ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣ ಬಾರದ ಪದರ ಕಂಬಿಯನ್ನು ದಾಟಿದ್ದರೆ ಹಜಾರದ ಚಾವಣಿಯೂ ಇದೇ ದಾರಿಯಲ್ಲಿದೆ ಎಂದು ತಿಳಿಯಬೇಕು. ಸ್ಪ್ರಿಂಗ್ ಸುತ್ತಿಗೆ ಎಷ್ಟು ಪುಟಿಯುತ್ತದೆ ಎಂಬುದರಿಂದ ಬಲವನ್ನು ಅಂದಾಜಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗವಾದರೂ ಅದರ ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚುಕಡಿಮೆಯಾಗಬಹುದು, ಅದರಲ್ಲೂ ಹಳೆಯ ಕಾಂಕ್ರೀಟಿನ ಹೊರಮೈ ಗಟ್ಟಿಯಾಗಿರುವುದರಿಂದ ಇದ್ದುದಕ್ಕಿಂತ ಹೆಚ್ಚು ಬಲ ತೋರಿಸುತ್ತದೆ. ಮಹಡಿ ಕಟ್ಟುವ ನಿರ್ಧಾರವನ್ನು ಆ ಒಂದು ಸಂಖ್ಯೆಯ ಮೇಲೆ ಮಾಡಬಾರದು. ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದ ಉರುಳೆಯಾಕಾರದ ತುಂಡು, ತೆಗೆದು ಪರೀಕ್ಷಿಸಿ ನೋಡಿದರೆ ನಿಜವಾದ ಬಲ ಗೊತ್ತಾಗುತ್ತದೆ.

ಬಿರುಕುಗಳ ವಿಷಯದಲ್ಲಿ ನಿಮಗೆ ಸ್ವಲ್ಪ ಸಮಾಧಾನ ಹೇಳಬಲ್ಲೆ. ಪಶ್ಚಿಮದ ಗೋಡೆಯಲ್ಲಿ ಮೋಲ್ಡಿನ ಕೆಳಗೆ ಕಾಣುವ ಅಡ್ಡ ಬಿರುಕು ಬಹುಮಟ್ಟಿಗೆ ಬಿಸಿಲಿನದು. ಹತ್ತು ಮೀಟರ್ ಉದ್ದದ ಮೋಲ್ಡ್ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 2 ಮಿಮೀ ಹಿಗ್ಗುತ್ತದೆ. ಕೆಳಗಿನ ಗೋಡೆ ನೆರಳಿನಲ್ಲಿದ್ದು ಅಷ್ಟು ಹಿಗ್ಗದ ಕಾರಣ ಎರಡೂ ಸೇರುವ ಜಾಗ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಬಿರುಕನ್ನು ಸಣ್ಣ ಕಾಲುವೆಯಂತೆ ಕೊರೆದು ಎಳೆತಕ್ಕೆ ಒಗ್ಗುವ ಸೀಲೆಂಟ್ ತುಂಬಿ, ತಾರಸಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಲೇಪ ಹಚ್ಚಿಸಬೇಕು. ಮೇಲೆ ಕೋಣೆಗಳು ಬಂದರೆ ಆ ಭಾಗದ ಮೋಲ್ಡ್ ನೆರಳಿಗೆ ಬಂದು ಈ ಚಲನೆ ತಾನಾಗಿಯೇ ತಗ್ಗುತ್ತದೆ.

ಕಿಟಕಿಯ ಮೂಲೆಯಿಂದ ಹೊರಟ ಓರೆ ಬಿರುಕನ್ನು ಇಷ್ಟು ಹಗುರವಾಗಿ ನೋಡಲಾರೆ. ಅದು ಲಿಂಟಲ್ (ಕಿಟಕಿಯ ಮೇಲಿನ ಅಡ್ಡತೊಲೆ) ಗೋಡೆಯ ಮೇಲೆ ಸಾಕಷ್ಟು ಕೂರದೆ ಬಂದಿರಬಹುದು, ಇಲ್ಲವೇ ಪಾಯದ ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚು ಕುಸಿದು ಬಂದಿರಬಹುದು. ಬಿರುಕು ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆಯೇ, ಇಟ್ಟಿಗೆಯನ್ನೇ ಸೀಳಿದೆಯೇ, ಒಂದು ತುದಿಯಲ್ಲಿ ಅಗಲ ಹೆಚ್ಚಿದೆಯೇ ಎಂದು ನೋಡಿ. ಮೂರಕ್ಕೂ ಹೌದು ಎಂದಾದರೆ ಅನುಮಾನ ಪಾಯದ ಕಡೆಗೇ ಹೋಗುತ್ತದೆ. ಭಾರತೀಯ ಮಾನಕ ಬ್ಯೂರೋದ ಕೈಪಿಡಿ 1 ಮಿಮೀಗಿಂತ ಕಡಿಮೆ ಅಗಲದ ಬಿರುಕನ್ನು ಸಣ್ಣದು, 1ರಿಂದ 2 ಮಿಮೀಯನ್ನು ಮಧ್ಯಮ, ಅದಕ್ಕೂ ಮೇಲ್ಪಟ್ಟುದನ್ನು ಅಗಲವಾದುದು ಎಂದು ವಿಂಗಡಿಸುತ್ತದೆ. ನನ್ನ ಮಟ್ಟಿಗೆ ಅಗಲಕ್ಕಿಂತಲೂ ಅದು ಬೆಳೆಯುತ್ತಿದೆಯೇ ಎಂಬುದು ಹೆಚ್ಚು ಹೇಳುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಅಂಟಿಸಿ ತಾರೀಕು ಬರೆದಿಡಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಕನಿಷ್ಠ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಅದು ಒಡೆಯದೆ ದಾಟಿದರೆ ಆ ಚಲನೆ ನಿಂತಿದೆ ಎಂದುಕೊಳ್ಳಬಹುದು. ಅಷ್ಟರೊಳಗೆ ಆ ಮೂಲೆಯ ಹತ್ತಿರದ ಸಂಪ್, ಚರಂಡಿ ಮತ್ತು ನಲ್ಲಿಯ ಪೈಪುಗಳಲ್ಲಿ ಸೋರಿಕೆ ಇದೆಯೇ, ಪಕ್ಕದ ನಿವೇಶನದಲ್ಲಿ ಯಾರಾದರೂ ಆಳವಾಗಿ ಅಗೆದಿದ್ದಾರೆಯೇ ಎಂಬುದನ್ನೂ ವಿಚಾರಿಸಿ. (ಇದೇ ಪ್ರಶ್ನೆ ಗದಗ, ವಿಜಯಪುರದಂಥ ಎರೆಭೂಮಿಯ ಊರಿನಿಂದ ಬಂದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಪ್ರತಿ ವರ್ಷವೂ ಬಿರುಕು ತೆರೆದು ಮುಚ್ಚುತ್ತದೆ. ಅಂಥ ಕಡೆ ಹಳೆಯ ಕಲ್ಲಿನ ಪಾಯದ ಮೇಲೆ ಮಹಡಿ ಏರಿಸುವುದನ್ನು ನಾನು ಒಪ್ಪುವುದು ಬಹಳ ಅಪರೂಪ.)

ಈಗ ಮಹಡಿಯ ವಿಚಾರ. ಮೇಸ್ತ್ರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಡುಗೋಡೆಯ ಒಂದು ಮೀಟರ್ ಉದ್ದವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಮೂರು ಮೀಟರ್ ಎತ್ತರದ 9 ಅಂಗುಲದ ಗೋಡೆ ಸುಮಾರು 1.4 ಟನ್ ತೂಗುತ್ತದೆ. ಎರಡೂ ಬದಿಯ ಕೋಣೆಗಳು 11 ಅಡಿ ಅಗಲವಿವೆ ಎಂದಿಟ್ಟುಕೊಂಡರೆ ನಾಲ್ಕೂವರೆ ಅಂಗುಲದ ಮೋಲ್ಡ್, ಅದರ ಮೇಲಿನ ಗಾರೆ ಮತ್ತು ಓಡಾಡುವವರ ಭಾರ ಸೇರಿ ಸುಮಾರು 2 ಟನ್ ಆ ಗೋಡೆಗೆ ಬರುತ್ತದೆ. ಪಾಯದ ಕಲ್ಲುಕಟ್ಟಡದ 1.1 ಟನ್ ಸೇರಿದರೆ ಒಟ್ಟು 4.5 ಟನ್. ಪಾಯದ ತಳ ಎರಡೂವರೆ ಅಡಿ ಅಗಲವಿದ್ದರೆ ನೆಲದ ಮೇಲೆ ಚದರ ಮೀಟರಿಗೆ 6 ಟನ್ ಒತ್ತಡ ಬೀಳುತ್ತಿದೆ. ಇದೇ ರೀತಿಯ ಇನ್ನೊಂದು ಅಂತಸ್ತು ಬಂದರೆ ಒಟ್ಟು ಭಾರ ಸುಮಾರು 8 ಟನ್, ಒತ್ತಡ ಸುಮಾರು ಹತ್ತೂವರೆ ಟನ್. ಗಟ್ಟಿ ಗ್ರಾವೆಲ್ ನೆಲಕ್ಕೆ ಇದು ಕಷ್ಟವಲ್ಲ. ಆದರೆ ಹಳೆಯ ಕೆರೆಯಂಗಳದಲ್ಲಿ ಮಣ್ಣು ತುಂಬಿಸಿ ಮಾಡಿದ ಬಡಾವಣೆಯಲ್ಲೋ, ಸಂಪಿನ ಸೋರಿಕೆಯಿಂದ ನೆನೆದ ಜೇಡಿಮಣ್ಣಿನಲ್ಲೋ ಇದು ಮಿತಿ ಮೀರಬಹುದು.

ಗೋಡೆಯ ಇಟ್ಟಿಗೆಯ ಮೇಲೆ ಆಗ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 3 ಕೆಜಿ. ಸರಿಯಾಗಿ ಸುಟ್ಟ ಇಟ್ಟಿಗೆಯನ್ನು ಒಳ್ಳೆಯ ಸಿಮೆಂಟ್ ಗಾರೆಯಲ್ಲಿ ಕಟ್ಟಿದ್ದರೆ ಅದು ತಡೆಯುತ್ತದೆ, ಆ ಮಟ್ಟಿಗೆ ಮೇಸ್ತ್ರಿಯವರು ಹೇಳಿದ್ದು ಸರಿ. ಅವರು ಹೇಳದೆ ಬಿಟ್ಟದ್ದು ಗೋಡೆ ಇಡಿಯಾಗಿ ಇರುವುದಿಲ್ಲ ಎಂಬುದನ್ನು. ಒಂದು ಕಿಟಕಿಗೂ ಬಾಗಿಲಿಗೂ ನಡುವೆ ಎರಡು ಅಡಿ ಗೋಡೆ ಮಾತ್ರ ಉಳಿದಿರುವ ಕಡೆ ಎರಡೂ ಬದಿಯ ಭಾರ ಅಷ್ಟರಲ್ಲೇ ಇಳಿಯಬೇಕಾಗುತ್ತದೆ, ಅಲ್ಲಿನ ಒತ್ತಡ ಎರಡು ಮೂರು ಪಟ್ಟಾಗುತ್ತದೆ. ವೈರಿಂಗಿಗಾಗಿ ಗೋಡೆಯನ್ನು ಕೊರೆದಿದ್ದರೆ ಇನ್ನೂ ಕಷ್ಟ. ಮೇಲಿನಿಂದ ಕೆಳಕ್ಕೆ ಕೊರೆಯುವಾಗ ಗೋಡೆಯ ದಪ್ಪದ ಮೂರನೇ ಒಂದಕ್ಕಿಂತ, ಅಡ್ಡ ಕೊರೆಯುವಾಗ ಆರನೇ ಒಂದಕ್ಕಿಂತ ಆಳ ಹೋಗಬಾರದೆಂಬುದು ಇಟ್ಟಿಗೆ ಕಟ್ಟಡದ ನಿಯಮ.

ಆದ್ದರಿಂದ ಮನೆಯ ಎರಡು ಮೂರು ಕಡೆ, ಮುಖ್ಯವಾಗಿ ಓರೆ ಬಿರುಕಿನ ಮೂಲೆಯಲ್ಲಿ, ಪಾಯದ ಪಕ್ಕದಲ್ಲಿ ಗುಂಡಿ ತೆಗೆಸಿ ಅದರ ಆಳ, ಅಗಲ ಮತ್ತು ತಳದ ಮಣ್ಣನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಪಾಯದ ತಳಕ್ಕಿಂತ ಕೆಳಗೆ ಅಗೆಯಬಾರದು, ಒಂದೇ ಸಲ ಉದ್ದಕ್ಕೂ ಅಗೆಯಬಾರದು, ನೋಡಿದ ದಿನವೇ ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಚಬೇಕು. ನಕ್ಷೆ ಬರೆದುಕೊಡುವವರೆಲ್ಲರೂ ಈ ಲೆಕ್ಕ ಮಾಡುವವರಲ್ಲ. ಭಾರದ ಲೆಕ್ಕವನ್ನು ಬರಹದಲ್ಲಿ ಕೊಟ್ಟು ಸಹಿ ಮಾಡುವವರನ್ನೇ ಆರಿಸಿಕೊಳ್ಳಿ.

ಪಾಯ ಮತ್ತು ದುರಸ್ತಿಯಾದ ಮೋಲ್ಡ್ ಎರಡೂ ಒಪ್ಪುವಂತಿದ್ದರೆ ಮೇಲಿನ ಕೋಣೆಗಳ ಹೊರಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೇ ಬರಬೇಕು. ತಾರಸಿಗೆಂದು ಲೆಕ್ಕ ಹಾಕಿದ ಮೋಲ್ಡಿನ ನಡುವೆ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯೊಂದನ್ನು ನಿಲ್ಲಿಸಿದರೂ ಪ್ರತಿ ಮೀಟರಿಗೆ ಸುಮಾರು 700 ಕೆಜಿ ಭಾರ ಅದರ ಮೇಲೆ ಕೂರುತ್ತದೆ, ಇದನ್ನು ನಿಮ್ಮ ಮೋಲ್ಡ್ ಹೊರಲಾರದು. ಒಳವಿಭಾಗ ಬೇಕಾದರೆ ಎಎಸಿ ಬ್ಲಾಕಿನ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆಯ) ತೆಳು ಗೋಡೆ ಇಡಿ, ಅದರ ತೂಕ ಇಟ್ಟಿಗೆಯ ಮೂರನೇ ಒಂದರಷ್ಟು. ಅದನ್ನೂ ಎಂಜಿನಿಯರ್ ತೋರಿಸಿದ ಜಾಗದಲ್ಲೇ ಕಟ್ಟಿಸಿ. ಮೇಲಿನ ಚಾವಣಿಗೆ ಮತ್ತೆ ಮೋಲ್ಡ್ ಹಾಕುವ ಬದಲು ಉಕ್ಕಿನ ಚೌಕಟ್ಟಿನ ಮೇಲೆ ಹಗುರವಾದ ಹೊದಿಕೆ ಹಾಕಿಸಿದರೆ ಪಾಯಕ್ಕೆ ಬೀಳುವ ಹೆಚ್ಚಿನ ಭಾರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ನಿಮ್ಮ ಮನೆಗೆ ನಾನು ಇದನ್ನೇ ಸೂಚಿಸುತ್ತೇನೆ, ಬೇಸಿಗೆಯ ಸೆಕೆಗೆ ಒಳಗಿನಿಂದ ಫಾಲ್ಸ್ ಸೀಲಿಂಗ್ ಹಾಕಿಸಿಕೊಳ್ಳಬಹುದು. ಮೋಲ್ಡೇ ಬೇಕೆಂದರೆ ಎಂ20 ಕಾಂಕ್ರೀಟಿಗೆ 50 ಕೆಜಿಯ ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಹಾಕಲು ಬಿಡಬೇಡಿ, ಕಂಬಿಯಡಿಗೆ 20 ಮಿಮೀ ಕವರ್ ಬ್ಲಾಕ್ ಇಡಿಸಿ, ಪಿಪಿಸಿ (ಪೊಜೊಲಾನಾ ಬೆರೆತ) ಸಿಮೆಂಟಾದರೆ ಹತ್ತು ದಿನವಾದರೂ ಬಿಡದೆ ನೀರುಣಿಸಿ.

ನಡುಗೋಡೆಯನ್ನು ಏಕೆ ತೆಗೆಸಬಾರದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಈಗ ಮೋಲ್ಡ್ ಹನ್ನೊಂದು ಹನ್ನೊಂದು ಅಡಿಯ ಎರಡು ಹರವುಗಳಲ್ಲಿ (ಆಸರೆಯಿಂದ ಆಸರೆಗಿರುವ ಅಂತರಗಳಲ್ಲಿ) ಕೂತಿದೆ. ಗೋಡೆ ಹೋದರೆ ಅದೇ ಮೋಲ್ಡ್ ಇಪ್ಪತ್ತೆರಡು ಅಡಿಯನ್ನು ದಾಟಬೇಕು. ಹರವು ಎರಡು ಪಟ್ಟಾದಾಗ ಅದನ್ನು ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ, ಜಗ್ಗುವಿಕೆ ಹದಿನಾರು ಪಟ್ಟಾಗುತ್ತದೆ. ಅದಕ್ಕಿಂತ ಅಪಾಯದ ಸಂಗತಿ ಕಣ್ಣಿಗೆ ಕಾಣದೆ ಒಳಗಿದೆ: ಗೋಡೆಯ ನೇರಕ್ಕೆ ಮೋಲ್ಡಿನ ಮೇಲ್ಮೈ ಎಳೆತಕ್ಕೆ ಒಳಗಾಗುವುದರಿಂದ ಅಲ್ಲಿ ಕಂಬಿಗಳನ್ನು ಮೇಲಕ್ಕೆ ಬಗ್ಗಿಸಿರುತ್ತಾರೆ, ಕೆಳಮೈಯಲ್ಲಿ ಕಂಬಿ ಕಡಿಮೆ ಇರುತ್ತದೆ. ಗೋಡೆ ತೆಗೆದ ಕ್ಷಣದಲ್ಲಿ ಅದೇ ಜಾಗ ಕೆಳಕ್ಕೆ ಜಗ್ಗುವ ನಟ್ಟನಡುವಾಗುತ್ತದೆ. ಎಲ್ಲಿ ಕಂಬಿ ಹೆಚ್ಚು ಬೇಕೋ ಅಲ್ಲೇ ಅದು ಕಡಿಮೆಯಾಗಿರುತ್ತದೆ.

‘ಒಂದು ಬೀಮ್ ಕೊಟ್ಟರಾಯಿತು’ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಇದುವರೆಗೆ ಉದ್ದಕ್ಕೂ ಹರಡಿ ಪಾಯಕ್ಕೆ ಇಳಿಯುತ್ತಿದ್ದ ಭಾರವನ್ನು ಬೀಮ್ ಎರಡು ತುದಿಗಳಿಗೆ ಒಟ್ಟುಗೂಡಿಸುತ್ತದೆ. ಹನ್ನೆರಡು ಅಡಿಯ ಬೀಮಿನ ಒಂದೊಂದು ತುದಿಗೆ ಮೇಲಿನ ಅಂತಸ್ತೂ ಸೇರಿ ಹತ್ತು ಟನ್ ಬರುವುದು ಅಸಾಧ್ಯವೇನಲ್ಲ, ಆ ತುದಿಯಲ್ಲಿ ಕಂಬವಾಗಲಿ ಅದಕ್ಕೆ ತಕ್ಕ ಫೂಟಿಂಗ್ (ಕಂಬದ ಅಡಿಪಾಯ) ಆಗಲಿ ನಿಮ್ಮ ಮನೆಯಲ್ಲಿಲ್ಲ. ಹಜಾರ ತೆರೆದಂತೆ ಕಾಣಬೇಕೆಂಬ ನಿಮ್ಮ ಆಸೆಗೆ ಐದಾರು ಅಡಿಯ ತೆರವು ಸಾಕಾಗುವುದಾದರೆ ದಾರಿಯಿದೆ. ಗೋಡೆಯ ಎರಡೂ ಬದಿ ಮೋಲ್ಡಿಗೆ ಜಾಕಿ ಕೊಟ್ಟು, ಗೋಡೆಯ ಅರ್ಧ ದಪ್ಪವನ್ನು ಮಾತ್ರ ಮೊದಲು ಕೊರೆದು ಒಂದು ಉಕ್ಕಿನ ಐ ಬೀಮ್ ಕೂರಿಸಿ, ಮೇಲಿನ ಸಂದನ್ನು ಒಣಗಿದಾಗ ಕುಗ್ಗದ ಗ್ರೌಟ್‌ನಿಂದ (ಸಂದು ತುಂಬುವ ತೆಳು ಗಾರೆಯಿಂದ) ಬಿಗಿಯಾಗಿ ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಬದಿಯಿಂದ ಎರಡನೆಯದನ್ನು ಕೂರಿಸಿ, ಕೊನೆಗೆ ಕೆಳಗಿನ ಇಟ್ಟಿಗೆ ತೆಗೆಯುತ್ತಾರೆ. ಬೀಮಿನ ತುದಿಗಳು ಕಾಂಕ್ರೀಟಿನ ದಿಂಬಿನ ಮೇಲೆ ಕೂರಬೇಕು, ತೆರವಿನ ಎರಡೂ ಪಕ್ಕ ಎರಡು ಅಡಿಗಿಂತ ಕಡಿಮೆಯಿಲ್ಲದಂತೆ ಗೋಡೆ ಉಳಿಯಬೇಕು, ಅದಕ್ಕೂ ಲೆಕ್ಕ ಮಾಡಿಸಬೇಕು. ಇದನ್ನು ಮಹಡಿ ಕಟ್ಟುವ ಮೊದಲೇ ಮುಗಿಸಿ.

ಮನೆಯಲ್ಲೇ ಇರಬಹುದೇ ಎಂದು ಕೇಳಿದ್ದೀರಿ. ಬಚ್ಚಲುಮನೆ ಮತ್ತು ಅಡುಗೆಮನೆಯ ಚಾವಣಿ ಒಡೆಯುವ ದಿನಗಳಲ್ಲೂ ಗೋಡೆಯಲ್ಲಿ ಬೀಮ್ ಕೂರಿಸುವ ದಿನಗಳಲ್ಲೂ ಖಂಡಿತ ಬೇಡ. ಉಳಿದ ಸಮಯದಲ್ಲಿ ಜಾಕಿ ನಿಲ್ಲಿಸಿದ ಕೋಣೆಗಳನ್ನು ಬಿಟ್ಟು ಬೇರೆ ಕಡೆ ಇರಬಹುದು. ಓಡಾಟಕ್ಕೆ ಅಡ್ಡಿಯೆಂದು ಯಾವ ಜಾಕಿಯನ್ನೂ ನೀವಾಗಿ ಸರಿಸಬೇಡಿ. ಹೊಸ ಮೋಲ್ಡಿನ ಕೆಳಗಿನ ಆಸರೆಯನ್ನು ಹದಿನೈದು ಅಡಿಯವರೆಗಿನ ಹರವಿಗೆ ಏಳು ದಿನ, ಅದಕ್ಕಿಂತ ಹೆಚ್ಚಿನ ಹರವಿಗೆ ಹದಿನಾಲ್ಕು ದಿನ ಉಳಿಸಬೇಕೆಂದು ಸಂಹಿತೆ ಹೇಳುತ್ತದೆ, ಅದು ಕನಿಷ್ಠ ಮಿತಿ. ಈ ನಡುವೆ ಸರಾಗವಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿದುಕೊಂಡರೆ, ಗಾಜಿನ ಪಟ್ಟಿ ಒಡೆದರೆ, ಚಾವಣಿಯ ನಡುವೆ ತಗ್ಗು ಕಂಡರೆ ಅಥವಾ ಗೋಡೆಯಿಂದ ಸಿಡಿಯುವ ಶಬ್ದ ಕೇಳಿದರೆ ಸಾಮಾನು ತೆಗೆಯಲು ನಿಲ್ಲದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಆಮೇಲೆ ಎಂಜಿನಿಯರ್‌ಗೆ ಫೋನ್ ಮಾಡಿ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಬಹುಮಹಡಿ ಕಟ್ಟಡವೊಂದು ಕುಸಿದಾಗ ಪ್ರಾಣಹಾನಿಯಾಗದೆ ಉಳಿದದ್ದು, ಅದು ವಾಲಿದ್ದನ್ನು ಗಮನಿಸಿ ಒಳಗಿದ್ದ ಕಾರ್ಮಿಕರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ. ಮದುವೆಯ ದಿನಾಂಕ ಹತ್ತಿರವಿದ್ದರೆ ಈಗ ಮೋಲ್ಡಿನ ದುರಸ್ತಿಯನ್ನಷ್ಟೇ ಮುಗಿಸಿಕೊಳ್ಳಿ. ಪಾಯದ ಪರೀಕ್ಷೆಯನ್ನೂ ಮೇಲಿನ ಕೋಣೆಗಳನ್ನೂ ಮುಂದಿನ ಮಳೆಗಾಲ ಕಳೆದ ಮೇಲೆ, ಗಾಜಿನ ಪಟ್ಟಿ ಏನು ತೋರಿಸಿದೆ ಎಂದು ನೋಡಿಕೊಂಡು ಕೈಗೆತ್ತಿಕೊಳ್ಳಬಹುದು.